ಹೇಳಿದರೆ ಸಾಕೆ, ತೋರಿಸುವುದು ಬೇಡವೆ?

ಪುಣೆಯ ಈಗಿನ ಕೆಲಸಕ್ಕೆ ಸೇರುವ ಮುನ್ನ ಮೂರು ವಾರ ಸುಮ್ಮನೆ ಮನೆಯಲ್ಲಿ ಕೂತಿದ್ದೆ. ಕಾರಣ ಒಂದು ಇನಿಷಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಒಂದೇ ಅಕ್ಷರ, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು. ಇಬ್ಬರೂ ಒಬ್ಬನೇ ಎಂದು ನಂಬಿಸಲು ನೋಟರಿ ಹತ್ತಿರ ಓಡಿದೆ, ಎಂ.ಟೆಕ್ ಪದವಿಪತ್ರದ ಮೂಲಪ್ರತಿ ತೋರಿಸಿದೆ. ಹೊರನಾಡಿನಲ್ಲಿ ದುಡಿಯುವ ಕನ್ನಡಿಗರಿಗೆ ಈ ಇನಿಷಿಯಲ್ ಪಾಡು ಹೊಸದೇನಲ್ಲ.

ಅದು 2023ರ ಏಪ್ರಿಲ್, ಊರಲ್ಲಿ ವಿಧಾನಸಭೆ ಚುನಾವಣೆ. ಅಪ್ಪ ಫೋನ್ ಮಾಡಿ, ‘ನಮ್ಮ ಕ್ಷೇತ್ರದವರ ಆಸ್ತಿ ಎಷ್ಟಂತೆ, ಸ್ವಲ್ಪ ನೋಡಿ ಹೇಳೋ’ ಅಂದರು. ಚುನಾವಣಾ ಆಯೋಗದ ತಾಣದಲ್ಲಿ ಅಭ್ಯರ್ಥಿಗಳ ಅಫಿಡವಿಟ್ ತೆರೆದೆ. ಜಮೀನು, ಚಿನ್ನ, ಸಾಲ, ಕೇಸು ಎಲ್ಲ ಇತ್ತು. ವಯಸ್ಸಿನ ಜಾಗದಲ್ಲಿ ಮಾತ್ರ ಬರೀ ಒಂದು ಅಂಕಿ. ಅದಕ್ಕೆ ಆಧಾರವಾಗಿ ಒಂದು ಕಾಗದವೂ ಇರಲಿಲ್ಲ. ನನ್ನ ತಂಗಿಗೆ ಹದಿನೆಂಟು ತುಂಬಿದಾಗ ಮತದಾರರ ಪಟ್ಟಿಗೆ ಸೇರಲು ತುಂಬಿದ ಫಾರಂ 6ಕ್ಕೆ ಜನ್ಮದಿನಾಂಕದ ದಾಖಲೆ ಲಗತ್ತಿಸಿದ್ದು ನೆನಪಾಯಿತು. ಓಟು ಹಾಕುವವಳು ತೋರಿಸಬೇಕು, ಓಟು ಕೇಳುವವರು ಹೇಳಿದರೆ ಸಾಕು!

ಇಷ್ಟಾದರೂ ಹೇಳುವಂತಾದದ್ದು ಸುಲಭಕ್ಕಲ್ಲ. ಎಡಿಆರ್ ಸಂಸ್ಥೆ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಅಭ್ಯರ್ಥಿಗಳ ಕೇಸು, ಆಸ್ತಿ, ಓದಿನ ವಿವರ ಮತದಾರನಿಗೆ ಸಿಗಬೇಕು ಎಂದಿತು. ಸಂಸತ್ತು ಅದನ್ನು ಮೊಟಕುಗೊಳಿಸಲು ಕಾನೂನು ತಂದಿತು. 2003ರಲ್ಲಿ ನ್ಯಾಯಾಲಯ ಅದನ್ನೂ ಹೊಡೆದುಹಾಕಿತು. ಸುಳ್ಳು ಅಫಿಡವಿಟ್ ಕೊಟ್ಟರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ ಎಂಬ ಕಲಮೂ ಇದೆ. ಆದರೆ ಬರೆದದ್ದು ನಿಜವೋ ಸುಳ್ಳೋ ಎಂದು ಮತದಾನಕ್ಕೆ ಮುಂಚೆ ಕೂತು ತಾಳೆ ನೋಡುವವರಿಲ್ಲ.

ಇದರ ಪರಿಣಾಮ ನೋಡಬೇಕಾದರೆ ಉತ್ತರಪ್ರದೇಶದ ಸುವಾರ್ ಕ್ಷೇತ್ರಕ್ಕೆ ಹೋಗಬೇಕು. 2017ರಲ್ಲಿ ಅಲ್ಲಿ ಗೆದ್ದವರು ಅಬ್ದುಲ್ಲಾ ಆಜಂ ಖಾನ್. ವಿಧಾನಸಭೆಗೆ ನಿಲ್ಲಲು ಕನಿಷ್ಠ 25 ವರ್ಷ ಆಗಿರಬೇಕು. ತಾವು ಹುಟ್ಟಿದ್ದು 1990ರ ಸೆಪ್ಟೆಂಬರ್ 30ರಂದು ಎಂದು ಅವರ ವಾದ. ಶಾಲೆಯ ದಾಖಲೆಯಲ್ಲಿದ್ದದ್ದು 1993ರ ಜನವರಿ 1. ಸೋತ ಅಭ್ಯರ್ಥಿ ಕೋರ್ಟಿಗೆ ಹೋದರು. ಅಲಹಾಬಾದ್ ಹೈಕೋರ್ಟ್ ಆಯ್ಕೆಯನ್ನು ಅಸಿಂಧುಗೊಳಿಸಿದ್ದು 2019ರ ಡಿಸೆಂಬರ್‌ನಲ್ಲಿ. ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದು 2022ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ಆ ವಿಧಾನಸಭೆಯ ಅವಧಿಯೇ ಮುಗಿದಿತ್ತು.

ನಮ್ಮಲ್ಲೂ ಹೀಗೆಯೇ. ಪರಿಶಿಷ್ಟ ಜಾತಿಗೆ ಮೀಸಲಾದ ಮುಳಬಾಗಿಲಿನಲ್ಲಿ 2013ರಲ್ಲಿ ಗೆದ್ದವರ ಜಾತಿಯ ವಿಷಯದಲ್ಲಿ ಹೈಕೋರ್ಟ್ ತೀರ್ಪು ಅವರ ವಿರುದ್ಧ ಬಂದದ್ದು 2018ರ ಏಪ್ರಿಲ್‌ನಲ್ಲಿ, ಮುಂದಿನ ಚುನಾವಣೆ ಬಾಗಿಲಲ್ಲಿ ನಿಂತಿದ್ದಾಗ. ಮೀಸಲು ಯಾರಿಗಾಗಿ ಇತ್ತೋ ಅವರು ಕಳಕೊಂಡ ಐದು ವರ್ಷವನ್ನು ಯಾವ ತೀರ್ಪು ವಾಪಸ್ ಕೊಡುತ್ತದೆ?

ಸಂವಿಧಾನದ 329ನೇ ವಿಧಿಯ ಪ್ರಕಾರ ಚುನಾವಣೆ ಶುರುವಾದ ಮೇಲೆ ನಡುವೆ ಕೋರ್ಟಿಗೆ ಹೋಗುವಂತಿಲ್ಲ. ಫಲಿತಾಂಶದ ನಂತರ 45 ದಿನದೊಳಗೆ ಚುನಾವಣಾ ಅರ್ಜಿ ಹಾಕಬೇಕು. ಹಾಗೆ ಮಾಡದಿದ್ದರೆ ದಿನಕ್ಕೊಂದು ತಡೆಯಾಜ್ಞೆ ಬಂದು ಚುನಾವಣೆಯೇ ನಡೆಯದು, ಒಪ್ಪುತ್ತೇನೆ. ಹಾಗಿದ್ದ ಮೇಲೆ ಪರಿಶೀಲನೆ ಇನ್ನೂ ಮುಂಚೆಯೇ ಆಗಬೇಕಲ್ಲವೆ? ಸ್ಪರ್ಧಿಸಲು ಮನಸ್ಸಿರುವವರು ಆರು ತಿಂಗಳು ಮೊದಲೇ ವಯಸ್ಸು, ಮೀಸಲು ಕ್ಷೇತ್ರವಾದರೆ ಜಾತಿ, ಶಿಕ್ಷೆಯಾಗಿದ್ದರೆ ಅದರ ವಿವರ, ಇಷ್ಟರ ದಾಖಲೆ ಕೊಟ್ಟು ಖಚಿತಪಡಿಸಿಕೊಳ್ಳಲಿ. ಆಕ್ಷೇಪಣೆ ಇರುವವರು ಆಗಲೇ ಹೇಳಲಿ. ಆಧಾರ್ ಸಂಖ್ಯೆ, ಮನೆ ವಿಳಾಸ ಮುಚ್ಚಿ ಉಳಿದದ್ದನ್ನು ತಾಣಕ್ಕೆ ಹಾಕಲಿ. ಅದೂ ಹುಡುಕಲು ಬರುವ ಹಾಗೆ. ಈಗಿನ ಓರೆಯಾಗಿ ಸ್ಕ್ಯಾನ್ ಮಾಡಿದ ಕೈಬರಹದ ಪುಟಗಳನ್ನು ಓದಲು ಕತ್ತು ತಿರುಗಿಸಬೇಕು.

ಪದವಿಯ ಗಲಾಟೆ ನನಗೆ ಮುಖ್ಯ ಅನ್ನಿಸುವುದಿಲ್ಲ. ಶಾಸಕರಾಗಲು ಡಿಗ್ರಿ ಬೇಕೆಂದು ಕಾನೂನು ಕೇಳುವುದಿಲ್ಲ, ಕೇಳಲೂ ಬಾರದು. ನನ್ನ ಎಂ.ಟೆಕ್‌ನಿಂದ ಊರ ಕೆರೆಯ ಹೂಳೇನೂ ಹೋಗಿಲ್ಲ. ಆದರೆ ಡಿಗ್ರಿ ಇದೆ ಎಂದು ಬರೆದ ಮೇಲೆ ತೋರಿಸಲು ಹಿಂಜರಿಯಬಾರದು.

ಇದನ್ನೆಲ್ಲ ಅಪ್ಪನಿಗೆ ವಿವರಿಸಿದೆ. ಅವರ ಜನ್ಮದಿನಾಂಕ ದಾಖಲೆಯಲ್ಲಿ ಜೂನ್ 1. ಅಜ್ಜಿಯ ಲೆಕ್ಕದಲ್ಲಿ ದೀಪಾವಳಿ ಕಳೆದ ವಾರ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅರ್ಧ ತರಗತಿಗೆ ಅದೇ ತಾರೀಖು ಬರೆದಿದ್ದರಂತೆ.

‘ಹಂಗಾದ್ರೆ ನಾನು ನಿಂತ್ರೆ ನನ್ನ ಜೂನ್ ಒಂದು ನಡೆಯುತ್ತೇನೋ?’

‘ನಡೆಯುತ್ತೆ ಅಪ್ಪ. ಎಲ್ಲ ಕಡೆ ಅದೇ ಇರಬೇಕು ಅಷ್ಟೆ.’

‘ಎಲ್ಲ ಕಡೆ ಅದೇ ಐತೆ’ ಅಂದರು. ಆಮೇಲೆ, ‘ಆಸ್ತಿ ಎಷ್ಟು ಅಂತ ಇನ್ನೂ ಹೇಳಲೇ ಇಲ್ವಲ್ಲೋ ನೀನು?’