ಹುಬ್ಬಳ್ಳಿ ಟೈಗರ್ಸ್ ಬಿಟ್ಟ ನಾಯಕ

2023ರ ಆಗಸ್ಟ್‌ನಲ್ಲಿ ಹುಬ್ಬಳ್ಳಿ ಟೈಗರ್ಸ್ ತಂಡ ಫೈನಲ್‌ನಲ್ಲಿ ಮೈಸೂರು ವಾರಿಯರ್ಸ್ ತಂಡವನ್ನು 8 ರನ್‌ಗಳಿಂದ ಮಣಿಸಿ, ರಾಜ್ಯದ ಟಿ20 ಟೂರ್ನಿಯಾದ ಮಹಾರಾಜ ಟ್ರೋಫಿ ಗೆದ್ದಿತು. ಆಗ ನಾಯಕರಾಗಿದ್ದವರು ಮನೀಷ್ ಪಾಂಡೆ. ಮರುವರ್ಷ ಬೆಂಗಳೂರು ಬ್ಲಾಸ್ಟರ್ಸ್ ವಿರುದ್ಧದ ಪಂದ್ಯ ಟೈ ಆಗಿ, ಮೂರು ಸೂಪರ್ ಓವರ್‌ಗಳವರೆಗೂ ಎಳೆದು ಕೊನೆಗೆ ಹುಬ್ಬಳ್ಳಿಗೆ ಒಲಿದಾಗಲೂ ನಾಯಕತ್ವ ಅವರದೇ. 2025ರಲ್ಲಿ ಮಾತ್ರ ಅವರು ಅದೇ ಮೈಸೂರು ತಂಡದ ಪಾಲಾದರು. ಇಂಥ ಆಟಗಾರ ಎದುರಾಳಿಯಾಗಿ ಬಂದಾಗ ಚಪ್ಪಾಳೆ ತಟ್ಟಬೇಕೋ, ಬೇಗ ಔಟಾಗಲಿ ಎಂದು ಬಯಸಬೇಕೋ ಎಂಬ ಇಕ್ಕಟ್ಟು ಅಭಿಮಾನಿಯದು.

ಪಾಂಡೆ ತಂಡ ಬದಲಿಸಿದ್ದು ಹರಾಜಿನ ಮೂಲಕ. ಫ್ರಾಂಚೈಸಿಗಳು ಕೆಲವೇ ಆಟಗಾರರನ್ನು ಉಳಿಸಿಕೊಳ್ಳುತ್ತವೆ. ಉಳಿದವರು ಮತ್ತೆ ಹರಾಜಿಗೆ ಬರುತ್ತಾರೆ. 2025ರ ಜುಲೈನ ಹರಾಜಿನಲ್ಲಿ ಮೈಸೂರು ತಂಡ ಪಾಂಡೆಯವರಿಗೆ 12.20 ಲಕ್ಷ ರೂಪಾಯಿ ಕೊಟ್ಟರೆ, ಹುಬ್ಬಳ್ಳಿ 13.20 ಲಕ್ಷ ತೆತ್ತು ದೇವದತ್ತ ಪಡಿಕ್ಕಲ್ ಅವರನ್ನು ಕರೆತಂದಿತು. ಹಾಗೆ ನೋಡಿದರೆ ಪಾಂಡೆಯವರೂ ಹುಬ್ಬಳ್ಳಿಗೆ ಹೊರಗಿನಿಂದ ಬಂದವರೇ. 2022ರ ಮೊದಲ ಟ್ರೋಫಿಯನ್ನು ಅವರು ಗೆದ್ದುಕೊಟ್ಟದ್ದು ಗುಲ್ಬರ್ಗ ಮಿಸ್ಟಿಕ್ಸ್ ತಂಡಕ್ಕೆ.

ಫುಟ್‌ಬಾಲ್‌ನಲ್ಲಿ ಲೆಕ್ಕ ಬೇರೆ. ಅಲ್ಲಿ ಆಟಗಾರ ಒಪ್ಪಿ ಸಹಿ ಹಾಕಿದರೆ ಮಾತ್ರ ವರ್ಗಾವಣೆ. ಲೂಯಿಸ್ ಫಿಗೊ 2000ದಲ್ಲಿ ಬಾರ್ಸಿಲೋನಾ ತೊರೆದು ಕಡುವೈರಿ ರಿಯಲ್ ಮ್ಯಾಡ್ರಿಡ್ ಸೇರಿದರು. 2002ರಲ್ಲಿ ಅವರು ಬಾರ್ಸಿಲೋನಾದಲ್ಲಿ ಆಡುವಾಗ ಪ್ರೇಕ್ಷಕರ ಕಡೆಯಿಂದ ಮೈದಾನಕ್ಕೆ ಹಂದಿಯ ತಲೆಯೇ ಬಂದು ಬಿತ್ತು. ತಾನಾಗಿಯೇ ಹೋದವನ ಮೇಲಿನ ಸಿಟ್ಟು ಅದು. ಹರಾಜಿನಲ್ಲಿ ಯಾವ ತಂಡಕ್ಕೆ ಹೋಗಬೇಕೆಂಬುದು ಆಟಗಾರನ ಕೈಯಲ್ಲಿಲ್ಲ. ಹಾಗಾಗಿ ಇಲ್ಲಿ ಬೇಸರಕ್ಕೆ ಕಾರಣವಿದ್ದರೂ ಸಿಟ್ಟು ತೀರಿಸಿಕೊಳ್ಳಲು ಒಬ್ಬರೂ ಸಿಗುವುದಿಲ್ಲ.

ಹುಬ್ಬಳ್ಳಿಯ ಮಟ್ಟಿಗೆ ಇನ್ನೊಂದು ಸಂಗತಿಯೂ ಸೇರುತ್ತದೆ. 2022ರಿಂದ 2025ರವರೆಗೆ ಮಹಾರಾಜ ಟ್ರೋಫಿ ನಡೆದದ್ದು ಬೆಂಗಳೂರು, ಮೈಸೂರುಗಳಲ್ಲಿ. ಊರಿನ ಹೆಸರು ಹೊತ್ತ ತಂಡವನ್ನು ಊರಿನವರು ಟಿವಿ, ಮೊಬೈಲ್‌ಗಳಲ್ಲೇ ನೋಡಬೇಕಾಯಿತು. ಪಾಂಡೆ ಹುಬ್ಬಳ್ಳಿಯ ರಾಜನಗರದ ಮೈದಾನಕ್ಕೆ ಇಳಿದದ್ದು ಕರ್ನಾಟಕದ ಪರ. 2024ರ ಜನವರಿಯಲ್ಲಿ ಪಂಜಾಬ್ ವಿರುದ್ಧದ ರಣಜಿ ಪಂದ್ಯದಲ್ಲಿ ಅಲ್ಲಿ ಅವರು 118 ರನ್ ಹೊಡೆದರೆ, ಪಡಿಕ್ಕಲ್ 193 ಗಳಿಸಿದರು. ಒಬ್ಬರು ಹೋಗಿ ಇನ್ನೊಬ್ಬರು ಬಂದರೂ ರಾಜ್ಯದ ಮಟ್ಟಿಗೆ ಇಬ್ಬರೂ ನಮ್ಮವರೇ ಎಂಬ ಸಮಾಧಾನಕ್ಕೆ ಹುಬ್ಬಳ್ಳಿಯಲ್ಲಿ ಇದೊಂದು ಆಧಾರ.

ಆಟಗಾರ ರಾಜ್ಯವನ್ನೇ ಬಿಟ್ಟಾಗ ಆ ಸಮಾಧಾನವೂ ಉಳಿಯುವುದಿಲ್ಲ. ಟೆಸ್ಟ್‌ನಲ್ಲಿ ತ್ರಿಶತಕ ಬಾರಿಸಿದ್ದ ಕರುಣ್ ನಾಯರ್ ಕರ್ನಾಟಕ ತಂಡದಲ್ಲಿ ಸ್ಥಾನ ಕಳೆದುಕೊಂಡು 2023ರಲ್ಲಿ ವಿದರ್ಭಕ್ಕೆ ಹೋದರು. 2025ರ ರಣಜಿ ಫೈನಲ್‌ನಲ್ಲಿ ಶತಕ ಹೊಡೆದು ಆ ತಂಡಕ್ಕೆ ಪ್ರಶಸ್ತಿ ತಂದರು. ಅವರ ಒಂದೊಂದು ಶತಕವೂ ಕನ್ನಡಿಗರಿಗೆ ಹೆಮ್ಮೆ ತಂದಷ್ಟೇ, ಇಂಥವರನ್ನು ಕೈಬಿಟ್ಟೆವಲ್ಲ ಎಂಬ ಕೊರಗನ್ನೂ ತರುವಂಥದ್ದು. ಮುಂದಿನ ಋತುವಿಗೆ ಅವರು ಕರ್ನಾಟಕಕ್ಕೆ ಮರಳಿದರು.

ಕೆ.ಎಲ್. ರಾಹುಲ್ ಅವರದು ಮೂರನೆಯ ಬಗೆ. ಹಿಂದೆ ಐಪಿಎಲ್‌ನಲ್ಲಿ ಬೆಂಗಳೂರಿನ ತಂಡವಾದ ಆರ್‌ಸಿಬಿಗೂ ಆಡಿದ್ದ ಅವರು 2025ರ ಏಪ್ರಿಲ್‌ನಲ್ಲಿ ಡೆಲ್ಲಿ ಕ್ಯಾಪಿಟಲ್ಸ್ ಪರ ಅಜೇಯ 93 ಹೊಡೆದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ ಆರ್‌ಸಿಬಿಯನ್ನು ಸೋಲಿಸಿದರು. ಗೆದ್ದೊಡನೆ ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು, ಇದು ನನ್ನ ಮೈದಾನ ಎಂದು ಸನ್ನೆ ಮಾಡಿದರು. ಸೋತ ತಂಡದ ಅಭಿಮಾನಿಗೆ ಅದು ಚುಚ್ಚುವಂಥದ್ದು, ಆದರೆ ಬೆಂಗಳೂರಿನಲ್ಲಿ ಆಡಿ ಬೆಳೆದ ಹುಡುಗನ ಮಾತನ್ನು ಸುಳ್ಳೆನ್ನುವುದೂ ಕಷ್ಟ.

ತಂಡದ ಮೇಲಿನ ನಿಷ್ಠೆ, ಆಟಗಾರನ ಮೇಲಿನ ಪ್ರೀತಿ, ನಾಡಿನ ಅಭಿಮಾನ ಮೂರೂ ಒಂದೇ ಕಡೆ ಇರುವವರೆಗೆ ಅಭಿಮಾನಿಗೆ ತೊಂದರೆಯಿಲ್ಲ. ಹರಾಜಾಗಲಿ, ವರ್ಗಾವಣೆಯಾಗಲಿ, ಆಯ್ಕೆಗಾರರ ನಿರ್ಧಾರವಾಗಲಿ ಅವುಗಳನ್ನು ಬೇರ್ಪಡಿಸಿದಾಗಲೇ ಈ ಇಬ್ಬಂದಿತನ. ಪಡಿಕ್ಕಲ್ ನಾಯಕತ್ವದಲ್ಲಿ ಹುಬ್ಬಳ್ಳಿ 2025ರಲ್ಲೂ ಫೈನಲ್ ತಲುಪಿ ಮಂಗಳೂರು ಡ್ರ್ಯಾಗನ್ಸ್‌ಗೆ ಸೋತಿತು. ಅವರನ್ನೂ ಮುಂದೊಂದು ಹರಾಜು ಬೇರೆ ತಂಡಕ್ಕೆ ಒಯ್ಯಬಹುದು.