ಚಾರಣಿಗರ ದಾರಿ, ಜಿಂಕೆಗಳ ಬೆಟ್ಟ: ತಪ್ಪು ಕಲ್ಪನೆ ಮತ್ತು ಸತ್ಯ

ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್ ಎಂಬ ಬೆಟ್ಟಸೀಮೆಯ ಬಹುಪಾಲು ನೆಲ ಖಾಸಗಿ ಎಸ್ಟೇಟುಗಳದ್ದು. ಒಂದೊಂದು ಎಸ್ಟೇಟೂ ಸಾವಿರಾರು ಎಕರೆ. 3,000 ಅಡಿ ಮೀರಿದ, 'ಮನ್ರೋ' ಎಂದು ಹೆಸರಾದ 282 ಶಿಖರಗಳು ಸ್ಕಾಟ್ಲೆಂಡಿನಲ್ಲಿವೆ. ಅಷ್ಟನ್ನೂ ಹತ್ತಿ ಮುಗಿಸುವುದು ಅಲ್ಲಿನ ಚಾರಣಿಗರ ಹುಚ್ಚು. ಅವೇ ಬೆಟ್ಟಗಳಲ್ಲಿ ಕೆಂಪು ಜಿಂಕೆಗಳ ಹಿಂಡುಗಳಿವೆ, ಕೋವಿ ಹಿಡಿದು ಅವುಗಳ ಜಾಡಿನಲ್ಲಿ ಸಾಗುವ ಎಸ್ಟೇಟಿನ ಬೇಟೆಗಾರರೂ ಇದ್ದಾರೆ. ಓದಿಗೋ ಕೆಲಸಕ್ಕೋ ಎಡಿನ್‌ಬರೊ, ಗ್ಲಾಸ್ಗೊ ಸೇರಿದ ಕನ್ನಡಿಗರು ರಜೆ ಸಿಕ್ಕರೆ ಇತ್ತ ಹೊರಡುವುದುಂಟು. ಅರಣ್ಯ ಇಲಾಖೆಯ ಅನುಮತಿ ಪಡೆದೇ ಕುಮಾರಪರ್ವತ ಹತ್ತಿದವರಿಗೆ, ಜಿಂಕೆ ಬೇಟೆಯೆಂದರೆ ಜೈಲು ಎಂದು ಬಲ್ಲವರಿಗೆ ಅಲ್ಲಿನ ರೀತಿ ತಲೆಕೆಳಗಾಗಿ ಕಂಡರೆ ಅಚ್ಚರಿಯಿಲ್ಲ. ಅಲ್ಲೇ ಹುಟ್ಟಿ ಬೆಳೆದವರಲ್ಲೂ ಈ ಬಗ್ಗೆ ತಪ್ಪು ತಿಳಿವಳಿಕೆ ಕಡಿಮೆಯೇನಿಲ್ಲ.

ತಪ್ಪು ಕಲ್ಪನೆ 1: ಖಾಸಗಿ ನೆಲ, ಹಾಗಾಗಿ ಮಾಲೀಕರ ಅಪ್ಪಣೆ ಬೇಕು.

ಸತ್ಯ: ಬೇಡ. 2003ರ ಸ್ಕಾಟ್ಲೆಂಡ್ ಭೂಸುಧಾರಣಾ ಕಾಯ್ದೆಯು ನೆಲ ಯಾರದ್ದೇ ಆಗಿರಲಿ, ಜವಾಬ್ದಾರಿಯಿಂದ ನಡೆದಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. 2005ರ ಫೆಬ್ರವರಿಯಿಂದ ಅದು ಜಾರಿಯಲ್ಲಿದೆ. ಮನೆಯಂಗಳ, ಬೆಳೆ ನಿಂತ ಹೊಲ ಇದರಿಂದ ಹೊರಗೆ. ಕಾರು, ಬೈಕು ಓಡಿಸುವ ಹಕ್ಕೂ ಇದರಲ್ಲಿಲ್ಲ. ಕಾಯ್ದೆಗೂ ಮೊದಲೇ, 1993ರಲ್ಲಿ, ಲೆಟರ್‌ಯೂ ಎಸ್ಟೇಟಿನ ಡಚ್ ಮಾಲೀಕ ಪಾಲ್ ವ್ಯಾನ್ ವ್ಲಿಸಿಂಗೆನ್ ಚಾರಣಿಗರ ಸಂಘಟನೆಗಳ ಜೊತೆ ಕೂತು ಒಪ್ಪಂದ ಮಾಡಿಕೊಂಡಿದ್ದರು. ಜಗಳ ಬಿಟ್ಟು ಮಾತಿಗೆ ಕೂತರೆ ದಾರಿಯಿದೆ ಎಂಬುದಕ್ಕೆ ಅದನ್ನು ಇಂದಿಗೂ ನೆನೆಯುತ್ತಾರೆ.

ತಪ್ಪು ಕಲ್ಪನೆ 2: ಹಕ್ಕು ಇದೆಯಲ್ಲ, ಯಾವ ದಿನ ಎಲ್ಲಿ ಬೇಕಾದರೂ ನುಗ್ಗಬಹುದು.

ಸತ್ಯ: ಹಕ್ಕಿನ ಜೊತೆಗೇ ಒಂದು ನಡವಳಿಕೆ ಸಂಹಿತೆ ಇದೆ. ಬೇಟೆ ಎಲ್ಲಿ ನಡೆಯುತ್ತಿದೆ ಎಂದು ವಿಚಾರಿಸಿಕೊಳ್ಳಿ, ಬದಲಿ ದಾರಿ ಸೂಚಿಸಿದರೆ ಅದನ್ನು ಪರಿಗಣಿಸಿ ಎನ್ನುತ್ತದೆ ಅದು. ಕಾರಣ ಗಾಳಿ. ಜಿಂಕೆಯ ಮೂಗು ಬಲು ಚುರುಕು. ಬೇಟೆಗಾರರು ಎದುರುಗಾಳಿಗೆ ಮುಖಮಾಡಿ, ಕುರುಚಲು ಗಿಡಗಳ ನಡುವೆ ತೆವಳುತ್ತ ಗಂಟೆಗಟ್ಟಲೆ ಹೆಣಗಿ ಹಿಂಡಿನ ಹತ್ತಿರ ತಲುಪಿರುತ್ತಾರೆ. ಅತ್ತಕಡೆಯಿಂದ ಯಾರೋ ನಾಲ್ವರು ದಾರಿ ಬಿಟ್ಟು ಕಣಿವೆಗೆ ಇಳಿದರೆ ಮನುಷ್ಯರ ವಾಸನೆ ಹಿಂಡಿಗೆ ಬಡಿದು, ಅದು ಗುಡ್ಡ ದಾಟಿ ಓಡುತ್ತದೆ. ಅಂದಿನ ಕೆಲಸ ಅಲ್ಲಿಗೆ ಕೆಟ್ಟಂತೆ.

ತಪ್ಪು ಕಲ್ಪನೆ 3: ಬೇಟೆಯ ಕಾಲದಲ್ಲಿ ಬೆಟ್ಟವೆಲ್ಲ ಬಂದ್.

ಸತ್ಯ: ಗಂಡು ಜಿಂಕೆಗಳ ಬೇಟೆಕಾಲ ರೂಢಿಯಂತೆ ಜುಲೈ 1ರಿಂದ ಅಕ್ಟೋಬರ್ 20. ಅವುಗಳ ಬೇಟೆಗಿದ್ದ ನಿಷೇಧಿತ ಅವಧಿಯನ್ನು 2023ರಲ್ಲಿ ಕಾನೂನು ತೆಗೆದುಹಾಕಿದ್ದರೂ, ಕೆಲಸದ ಭರಾಟೆ ಈಗಲೂ ಆಗಸ್ಟ್‌ನಿಂದಲೇ. ಹಾಗೆಂದು ಇಡೀ ಎಸ್ಟೇಟಿನಲ್ಲಿ ಪ್ರತಿದಿನ ಗುಂಡು ಹಾರುವುದಿಲ್ಲ. ಒಂದು ದಿನ ಒಂದು ಕಣಿವೆ, ಮರುದಿನ ಇನ್ನೊಂದು. ಭಾನುವಾರ ಸಾಮಾನ್ಯವಾಗಿ ಬೇಟೆಯೇ ಇರುವುದಿಲ್ಲ. ಆದ್ದರಿಂದ ತಿಂಗಳುಗಟ್ಟಲೆ 'ಪ್ರವೇಶವಿಲ್ಲ' ಎಂಬ ಬೋರ್ಡು ತಗುಲಿಸುವ ಎಸ್ಟೇಟು ಸಂಹಿತೆಯ ಆಶಯಕ್ಕೇ ವಿರುದ್ಧ ನಡೆದಂತೆ. ಇಂಥ ದಿನ, ಇಂಥ ಜಾಗ ಎಂದು ಹೇಳುವುದು ಎಸ್ಟೇಟಿನ ಹೊಣೆ; ಕೇಳಿ ತಿಳಿಯುವುದು ಚಾರಣಿಗರ ಹೊಣೆ.

ತಪ್ಪು ಕಲ್ಪನೆ 4: ಜಿಂಕೆಗಳನ್ನು ಕೊಲ್ಲದೆ ಬಿಟ್ಟರೆ ಪ್ರಕೃತಿ ತಾನೇ ಸರಿದೂಗಿಸಿಕೊಳ್ಳುತ್ತದೆ.

ಸತ್ಯ: ನಾಗರಹೊಳೆಯ ಜಿಂಕೆಗೆ ಹುಲಿಯ ಭಯವಿದೆ, ಸೀಳುನಾಯಿಯ ಕಾಟವಿದೆ. ಹೈಲ್ಯಾಂಡ್ಸ್‌ನ ಜಿಂಕೆಯನ್ನು ಬೇಟೆಯಾಡುತ್ತಿದ್ದ ತೋಳ ಶತಮಾನಗಳ ಹಿಂದೆಯೇ ನಿರ್ನಾಮವಾಗಿದೆ. ತಡೆಯಿಲ್ಲದೆ ಹೆಚ್ಚಿದ ಹಿಂಡು ಸಸಿಗಳು ಮೊಣಕಾಲೆತ್ತರಕ್ಕೆ ಬರುವ ಮೊದಲೇ ಮೇಯ್ದುಬಿಡುತ್ತದೆ. ಮುದಿಮರಗಳು ಉರುಳಿದ ಮೇಲೆ ಅವುಗಳ ಜಾಗಕ್ಕೆ ಮರವಿಲ್ಲ. ಚಳಿಗಾಲ ಕಠಿಣವಾದರೆ ಮೇವಿಲ್ಲದೆ ಜಿಂಕೆಗಳೇ ಸಾಯುತ್ತವೆ. ಕ್ರೇಗ್ ಮೆಗಿ ಬೆಟ್ಟ 1986ರಲ್ಲಿ ರಾಷ್ಟ್ರೀಯ ನಿಸರ್ಗಧಾಮವಾದ ಮೇಲೆ ಅಲ್ಲಿ ಜಿಂಕೆಗಳ ಸಂಖ್ಯೆ ತಗ್ಗಿಸಿದರು. ಬೇಲಿಯನ್ನು ನೆಚ್ಚಿಕೊಳ್ಳದೆಯೇ ಬರ್ಚ್, ರೋವನ್ ಮರಗಳು ಇಳಿಜಾರಿನಲ್ಲಿ ತಾವಾಗಿ ಎದ್ದುನಿಂತವು. ಅದೇ ಬೆಟ್ಟ ಚಾರಣಿಗರ ಮೆಚ್ಚಿನ ಮನ್ರೋ ಕೂಡ ಹೌದು. ಜಿಂಕೆ ನಿಯಂತ್ರಣ, ಜನರ ಓಡಾಟ ಎರಡೂ ಒಂದೇ ಬೆಟ್ಟದಲ್ಲಿ ಸಾಗಬಲ್ಲವು.

ತಪ್ಪು ಕಲ್ಪನೆ 5: ಶ್ರೀಮಂತರ ಬೇಟೆಯ ಮೋಜಿನಿಂದಲೇ ಸಂಖ್ಯೆ ಹತೋಟಿಗೆ ಬರುತ್ತದೆ.

ಸತ್ಯ: ಕೊಂಬಿನ ಆಸೆಗೆ ದುಡ್ಡು ತೆತ್ತು ಬರುವ ಅತಿಥಿ ಹೊಡೆಯುವುದು ಗಂಡು ಜಿಂಕೆಯನ್ನು. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡುತ್ತದೆ, ಹೀಗಾಗಿ ಗಂಡು ಕಡಿಮೆಯಾದರೂ ಮರಿಗಳ ಸಂಖ್ಯೆ ಅಷ್ಟಾಗಿ ಇಳಿಯದು. ಇಳಿಯಬೇಕಾದರೆ ಹೆಣ್ಣು ಜಿಂಕೆಗಳನ್ನು ತಗ್ಗಿಸಬೇಕು. ಅದರ ಕಾಲ ಅಕ್ಟೋಬರ್ 21ರಿಂದ ಫೆಬ್ರವರಿ 15: ಗಿಡ್ಡ ಹಗಲು, ಹಿಮ, ಮಳೆ. ಆ ಕೆಲಸದ ಹೆಚ್ಚಿನ ಪಾಲು ಬೀಳುವುದು ಎಸ್ಟೇಟಿನ ಸಂಬಳದ ನೌಕರರ ಮೇಲೆ. ಮಾಂಸ ಮಾರಾಟಕ್ಕೆ ಹೋಗುತ್ತದೆ.

ತಪ್ಪು ಕಲ್ಪನೆ 6: ಎಸ್ಟೇಟಿನೊಳಗಿನ ಜಿಂಕೆ ಎಸ್ಟೇಟಿನ ಸೊತ್ತು.

ಸತ್ಯ: ಸ್ಕಾಟ್ಲೆಂಡಿನ ಕಾನೂನಿನಲ್ಲಿ ಕಾಡು ಜಿಂಕೆಗೆ ಒಡೆಯರಿಲ್ಲ. ಬೇಟೆಯ ಹಕ್ಕಷ್ಟೇ ನೆಲದ ಜೊತೆ ಬರುತ್ತದೆ. ಹಿಂಡಿಗೆ ಸರ್ವೆ ಗಡಿ ಗೊತ್ತಿಲ್ಲ. ಒಬ್ಬರು ತಗ್ಗಿಸಿದರೆ ಪಕ್ಕದವರ ನೆಲದಿಂದ ಬಂದು ತುಂಬಿಕೊಳ್ಳುತ್ತದೆ. ಅದಕ್ಕೇ ನೆರೆಹೊರೆಯ ಎಸ್ಟೇಟುಗಳು ಜಿಂಕೆ ನಿರ್ವಹಣಾ ಗುಂಪು ಕಟ್ಟಿಕೊಂಡು, ಎಷ್ಟು ಹೊಡೆಯಬೇಕೆಂದು ಕೂಡಿ ತೀರ್ಮಾನಿಸುತ್ತವೆ.

ಹೋಗುವವರಿಗೆ ಇಷ್ಟು ಸಾಕು: ಆಗಸ್ಟ್‌ನಿಂದ ಅಕ್ಟೋಬರ್ ನಡುವೆ ಹೊರಡುವುದಾದರೆ ಆ ದಿನದ ಬೇಟೆಯ ಮಾಹಿತಿಯನ್ನು 'ಹೆಡಿಂಗ್ ಫಾರ್ ದಿ ಸ್ಕಾಟಿಷ್ ಹಿಲ್ಸ್' ಸೇವೆಯಲ್ಲೋ ದಾರಿಬದಿಯ ಫಲಕದಲ್ಲೋ ನೋಡಿಕೊಳ್ಳಿ. ಮಾಹಿತಿ ಸಿಗದಿದ್ದರೆ ಕಾಲುದಾರಿ, ಬೆಟ್ಟದ ಏಣು, ದೊಡ್ಡ ಹಳ್ಳದ ಗುಂಟ ನಡೆಯಿರಿ. ಕಣಿವೆಯ ಇಳಿಜಾರಿಗೆ ಅಡ್ಡಹಾಯಬೇಡಿ. ಅಷ್ಟು ಮಾಡಿದರೆ ನಿಮ್ಮ ಚಾರಣಕ್ಕೂ ತೊಂದರೆಯಿಲ್ಲ, ಅವರ ಕೆಲಸಕ್ಕೂ ಅಡ್ಡಿಯಿಲ್ಲ.