ತವರಿನ ಗದ್ದೆ, ಯಾವ ಕೋರ್ಟು?

ಅಕ್ಕಂದಿರೇ, ನಾವು ಅಂಕೋಲೆಯಲ್ಲಿ ಹುಟ್ಟಿ, ಮದುವೆಯಾಗಿ ಕಾರವಾರ ಸೇರಿದವರು ಅಂತ ಇಟ್ಟುಕೊಳ್ಳೋಣ. ಅಪ್ಪ ತೀರಿಕೊಂಡರು. "ಅಜ್ಜನ ಗದ್ದೆಯಲ್ಲಿ ಹೆಣ್ಣಿಗೆ ಪಾಲಿಲ್ಲ" ಅಂತಾನೆ ಅಣ್ಣ. ಅದು ಹಳೇ ರೂಢಿ. ಕಾನೂನು ಬೇರೆ.

ಕಾನೂನು ಎಲ್ಲಿಂದ ಬರುತ್ತದೆ? ತಾಯಿಬೇರು ಸಂವಿಧಾನ. ಅದರಂತೆ ಸಂಸತ್ತು, ವಿಧಾನಸಭೆ ಕಾನೂನು ಮಾಡುತ್ತವೆ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು 2005ರಲ್ಲಿ ಸಂಸತ್ತು ಕಾನೂನು ತಿದ್ದಿತು. ತೀರ್ಪಿನಿಂದಲೂ ಕಾನೂನು ಬೆಳೆಯುತ್ತದೆ. ಅಪ್ಪ ಅದಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳಿಗೆ ಹಕ್ಕುಂಟು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಿಂದೆಯೇ ಪಾಲಾಗಿ ರಿಜಿಸ್ಟರ್ ಆಗಿದ್ದರೆ ಮಾತು ಬೇರೆ.

ದಾವೆ ಎಲ್ಲಿ ಹಾಕಬೇಕು? ನಾವಿರುವ ಊರು ಲೆಕ್ಕಕ್ಕಿಲ್ಲ. ಅಂಕೋಲೆ ಗದ್ದೆಗೆ ಅಂಕೋಲೆ ಸೀಮೆಯ ಕೋರ್ಟು. ವಕೀಲರಿಗೆ ಹಣವಿಲ್ಲವೇ? ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡೋಣ. ಹೆಂಗಸರಿಗೆ ಅಲ್ಲಿ ಪುಕ್ಕಟೆ ವಕೀಲರು ಸಿಗುತ್ತಾರೆ.

ಅಣ್ಣ ಹಕ್ಕುಬಿಡುಗಡೆ ಪತ್ರ ತಂದರೆ ಮೊದಲು ಓದೋಣ. ಓದದೆ ಹೆಬ್ಬೆಟ್ಟು ಒತ್ತುವ ಕಾಲ ಹೋಯಿತು.